ಒಳಗಿನ ಅಂಚು

ಜಗಳೂರಿನಲ್ಲಿ ಹನ್ನೆರಡು ಗಂಟೆಗೆ ತನ್ನ ಹೆಗಲ ಮೇಲೆ ಬೀಳಲಿರುವ ಶಾಲು ಯಾವ ಬಣ್ಣದ್ದಿರಬಹುದು ಎಂದು ಯೋಚಿಸುತ್ತ ತ್ಯಾವಣಿಗೆ ಹತ್ತಿರವಾಗುತ್ತಿದ್ದಾಗ ಪಂಚಾಕ್ಷರಪ್ಪನ ಕಾರಿನ ಮುಂದಿನ ಎಡ ಚಕ್ರದ ಗಾಳಿ ಹೋಯಿತು. ಹೋಗುವುದಾದರೂ ಎಂಥ ದಿನ ಹೋಗಬೇಕು! ಚನ್ನಗಿರಿಯಲ್ಲಿ ಇಪ್ಪತ್ತಾರು ವರ್ಷದಿಂದ ಕನ್ನಡಕದ ಅಂಗಡಿ ನಡೆಸುತ್ತಿರುವ ಅವನನ್ನು ಯಾರಾದರೂ ವೇದಿಕೆಗೆ ಕರೆದದ್ದು ಇದೇ ಮೊದಲು. ಹಿಂದಿನ ಸೀಟಿನಲ್ಲೂ ಡಿಕ್ಕಿಯಲ್ಲೂ ಅಲ್ಲಿ ಹಂಚಬೇಕಾದ ಕನ್ನಡಕದ ಡಬ್ಬಿಗಳು ತುಂಬಿದ್ದವು. ಮೈಮೇಲೆ ಇಸ್ತ್ರಿಯ ಗೆರೆ ಮುರಿಯದ ಬಿಳಿ ಜುಬ್ಬ ಇತ್ತು. ಕಾರು ಕುಂಟುತ್ತ ಊರ ಮುಂದಿನ ಪಂಕ್ಚರ್ ಅಂಗಡಿ ತಲುಪಿದಾಗ, ನೈಟಿಯ ಮೇಲೆ ಗಂಡಸಿನ ಖಾಕಿ ಅಂಗಿ ತೊಟ್ಟ ಹೆಂಗಸೊಬ್ಬಳು ಟೀ ಲೋಟ ಕೆಳಗಿಟ್ಟು ಎದ್ದಳು. ಅಂಗಡಿಯ ಹಲಗೆಯ ಮೇಲೆ ಅವಳದೇ ಹೆಸರಿತ್ತು: ಸಂಧ್ಯಾರಾಣಿ. ಹೆಂಗಸು ಜಾಕ್ ಹಾಕುವುದನ್ನು ನೋಡುತ್ತ ನಿಲ್ಲುವುದು ಸರಿಯೋ, ಸಹಾಯ ಮಾಡುತ್ತೇನೆ ಎಂದು ಕೈ ಚಾಚುವುದು ಸರಿಯೋ ಗೊತ್ತಾಗದೆ ಪಂಚಾಕ್ಷರಪ್ಪ ಎರಡೂ ಕೈ ಹಿಂದೆ ಕಟ್ಟಿ ಆಕಾಶ ನೋಡಿದ. ಅವಳು ಚಕ್ರ ಬಿಚ್ಚಿ, ಟೈರನ್ನು ರಿಮ್ಮಿನಿಂದ ಬೇರೆ ಮಾಡಿ, ಒಳಗೆ ಇಣುಕಿ, ಸ್ವಲ್ಪ ಹೊತ್ತು ಸುಮ್ಮನಿದ್ದಳು. ರೋಗಿಯ ಕಣ್ಣು ನೋಡಿದ ಮೇಲೆ ತಾನು ಹೀಗೇ ಸುಮ್ಮನಿರುತ್ತೇನೆಂಬುದು ನೆನಪಾಗಿ ಅವನಿಗೆ ಇರುಸುಮುರುಸಾಯಿತು.

"ಮೊಳೆ ಕಿತ್ತು ಪ್ಯಾಚ್ ಹಾಕಾಕೆ ಹತ್ತು ನಿಮಿಷ ಸಾರ್. ಆದ್ರೆ ನಾನು ಹಾಕಲ್ಲ," ಎಂದಳು.

"ಯಾಕಮ್ಮ?"

"ಬಗ್ಗಿ ನೋಡ್ರಿ."

ಅವನು ಜುಬ್ಬ ಮಡಚಿ ಹಿಡಿದು ಬಗ್ಗಿದ. "ಚೆನ್ನಾಗೇ ಐತಲ್ಲ. ಗೆರೆ ಎಲ್ಲ ಹಂಗೇ ಅದಾವೆ."

"ಅದು ಹೊರಗಿನ ಅಂಚು. ನಿಂತ್ಕಂಡು ನೋಡೋರಿಗೆ ಅಷ್ಟೇ ಕಾಣೋದು. ಒಳಗಿನ ಅಂಚಿಗೆ ಕೈ ಆಡಿಸ್ರಿ."

ಕೈ ಆಡಿಸಿದ. ಅಲ್ಲಿ ಗೆರೆ ಇರಲಿಲ್ಲ. ನುಣ್ಣಗೆ, ತಿಕ್ಕಿ ತೊಳೆದ ಹಂಚಿನ ಹಾಗಿತ್ತು. ಬೆರಳು ಇನ್ನೂ ಸ್ವಲ್ಪ ಮುಂದೆ ಹೋದಾಗ ಏನೋ ಚುಚ್ಚಿತು. ಕೈ ಹಿಂದಕ್ಕೆಳೆದು ನೋಡಿದರೆ ತೋರುಬೆರಳಿನ ತುದಿಯಲ್ಲಿ ರಕ್ತದ ಹನಿ. "ತಂತಿ ಸಾರ್. ರಬ್ಬರ್ ಮುಗಿದು ಒಳಗಿನ ತಂತಿ ಎದ್ದೈತೆ," ಎಂದು ಸಂಧ್ಯಾರಾಣಿ ಬೆಂಕಿಪೊಟ್ಟಣದಿಂದ ಒಂದು ಕಡ್ಡಿ ತೆಗೆದು ಹೊರಗಿನ ಗೆರೆಯ ಸಂದಿನಲ್ಲಿ ನಿಲ್ಲಿಸಿದಳು. ಕಡ್ಡಿಯ ಮದ್ದು ಪೂರ್ತಿ ಮುಳುಗಿತು. ಅದೇ ಕಡ್ಡಿಯನ್ನು ಒಳಗಿನ ಅಂಚಿಗೆ ತಂದಳು. ಕಡ್ಡಿ ನಿಲ್ಲಲು ಜಾಗವೇ ಇರಲಿಲ್ಲ. ಗೆರೆಯ ತಳದಲ್ಲಿ ಸಣ್ಣ ಸಣ್ಣ ಉಬ್ಬುಗಳನ್ನು ಕಂಪನಿಯವರೇ ಇಟ್ಟಿರುತ್ತಾರಂತೆ, ರಬ್ಬರು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂತೆಂದರೆ ಟೈರಿನ ಆಯುಸ್ಸು ಮುಗಿಯಿತಂತೆ. ಇಷ್ಟು ವರ್ಷ ಕಾರು ಓಡಿಸಿದರೂ ಇದನ್ನು ಯಾರೂ ತನಗೆ ಹೇಳಿರಲಿಲ್ಲವಲ್ಲ ಎಂದು ಅವನಿಗೆ ಸಿಟ್ಟು ಬಂತು. ತನಗೆ ಗೊತ್ತಿಲ್ಲದ್ದನ್ನು ಯಾರಾದರೂ ಹೇಳಿದಾಗಲೆಲ್ಲ ಅವನು ಅವರ ಕಣ್ಣನ್ನು ಅನುಮಾನಿಸುತ್ತಿದ್ದ. ಈಗಲೂ ಅವನ ಬಾಯಿಂದ ತಾನಾಗಿಯೇ ಬಂತು: "ನಿಮಗೆ ಸಂಜೆ ಹೊತ್ತು ತಲೆನೋವು ಬರ್ತೈತಾ?"

"ನನಗಾ? ಇಲ್ಲಪ್ಪ. ಯಾಕೆ?" ಎಂದು ಅವಳು ಅವನನ್ನೇ ನೋಡಿದಳು. ಆಮೇಲೆ, "ಗಾಡಿ ಎಡಕ್ಕೆ ಎಳೀತಿತ್ತಾ?" ಎಂದು ಕೇಳಿದಳು.

ಎಳೆಯುತ್ತಿತ್ತು. ಬೇಸಿಗೆಯಲ್ಲೇ ಹೆಂಡತಿ ಹೇಳಿದ್ದಳು, ಗಾಡಿ ಯಾಕೋ ಎಡಕ್ಕೆ ವಾಲ್ತದಲ್ರೀ ಅಂತ. ಅವನು ಆ ಸಂಜೆಯೇ ಅವಳನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಒಂದು ಕಣ್ಣು ಮುಚ್ಚಿಸಿ, ಅಕ್ಷರ ಓದಿಸಿ, ನಿನಗೆ ಸ್ವಲ್ಪ ಓರೆ ಇದೆ ಎಂದು ಕನ್ನಡಕ ಕೊಟ್ಟಿದ್ದ. ಆಮೇಲೆ ಅವಳು ಕಾರಿನ ಬಗ್ಗೆ ಮಾತಾಡಿರಲಿಲ್ಲ. ಅದಕ್ಕೂ ಮುಂಚೆ ನ್ಯಾಮತಿಯಲ್ಲಿ ಕಣ್ಣಿನ ಶಿಬಿರ ಮುಗಿಸಿ ಹೊನ್ನಾಳಿ ಕಡೆಯಿಂದ ವಾಪಸು ಬರುವಾಗ ಸಾಸ್ವೆಹಳ್ಳಿಯ ಹತ್ತಿರ ಎಡ ಚಕ್ರ ಒಂದು ಗುಂಡಿಗೆ ಧಡ್ ಎಂದು ಬಿದ್ದಿತ್ತು. ಹಲ್ಲು ಹಲ್ಲಿಗೆ ತಾಗಿತ್ತು. ಅವತ್ತಿನಿಂದ ಸ್ಟೇರಿಂಗನ್ನು ಸ್ವಲ್ಪ ಬಲಕ್ಕೆ ಹಿಡಿದು ಓಡಿಸುವುದು ಅಭ್ಯಾಸವಾಗಿ, ಭುಜ ನೋಯುತ್ತಿದ್ದುದಕ್ಕೆ ವಯಸ್ಸು ಕಾರಣವೆಂದುಕೊಂಡು ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ. "ಗುಂಡಿಗೆ ಬಿದ್ದ ಮ್ಯಾಲೆ ಅಲೈನ್‌ಮೆಂಟ್ ಮಾಡಿಸ್ಬೇಕಿತ್ತು ಸಾರ್," ಎನ್ನುತ್ತಿದ್ದಳು ಸಂಧ್ಯಾರಾಣಿ. "ಚಕ್ರ ನೆಟ್ಟಗೆ ನಿಲ್ಲದೆ ಒಂದೇ ಅಂಚಿನ ಮ್ಯಾಲೆ ಓಡಿ ಓಡಿ ಹಿಂಗಾಗೈತೆ. ತಿಂಗಳಿಗೊಂದ್ಸಲ ಸ್ಟೇರಿಂಗ್ ಪೂರ್ತಿ ತಿರುಗಿಸಿ ಬಗ್ಗಿ ನೋಡಿದ್ರೆ ಸಾಕಿತ್ತು. ಮಳೆನಾಗೆ ಬ್ರೇಕ್ ಹಿಡಿದಾಗ ಜಾರಿರ್ಬೇಕಲ್ಲ?"

ಮಳೆ ಎಂದರೆ ಅದೇನು ದೊಡ್ಡ ಮಳೆಯಲ್ಲ. ಎರಡು ತಿಂಗಳ ಹಿಂದೆ ಸೂಳೆಕೆರೆಯ ದಂಡೆಯ ರಸ್ತೆಯಲ್ಲಿ ಹನಿಯುತ್ತಿತ್ತು, ಅಷ್ಟೇ. ತಿರುವಿನಲ್ಲಿ ಒಬ್ಬ ಮುದುಕ ಸೈಕಲ್ ಮೇಲೆ, ರಸ್ತೆಯ ಎಡ ಅಂಚಿನಲ್ಲಿ, ನಿಧಾನಕ್ಕೆ ಹೋಗುತ್ತಿದ್ದ. ಪಂಚಾಕ್ಷರಪ್ಪ ಬ್ರೇಕ್ ಒತ್ತಿದ. ಕಾರು ನಿಲ್ಲಲಿಲ್ಲ, ಯಾರೋ ಕೈ ಹಿಡಿದು ಎಳೆದಂತೆ ಎಡಕ್ಕೆ ಜಾರಿ ಹೋಗಿ ಸೈಕಲ್ಲಿನ ಹಿಂದಿನ ಚಕ್ರಕ್ಕೆ ತಾಗಿತು. ಮುದುಕ ಕಾಲುವೆಯ ಕೆಸರಿಗೆ ಬಿದ್ದ. ಪಂಚಾಕ್ಷರಪ್ಪ ಬಾಗಿಲು ತೆಗೆದು ಇಳಿದ, ಬಾಯಿ ತಾನಾಗಿಯೇ ಜೋರಾಗಿ ಕೂಗಿತು: "ಕಣ್ಣು ಕಾಣಲ್ವೇನಜ್ಜಾ?" ಆ ಮಾತನ್ನು ಅವನು ಆಡಿರಲಿಲ್ಲ, ಹೆದರಿಕೆ ಆಡಿಸಿತ್ತು. ಆದರೆ ಕೂಡಿದ ಜನರಲ್ಲಿ ಒಬ್ಬ ಅವನ ಗುರುತು ಹಿಡಿದು, "ಇವ್ರು ಚನ್ನಗಿರಿ ಕನ್ನಡಕದ ಸಾಹೇಬ್ರು" ಎಂದುಬಿಟ್ಟ. ಅಲ್ಲಿಂದ ಮುಂದೆ ಅದು ಬೈಗುಳವಾಗಿ ಉಳಿಯಲಿಲ್ಲ, ತಪಾಸಣೆಯಾಯಿತು. ಯಾರೋ ಹೇಳಿದರೆಂದು ಅವನು ಎರಡು ಬೆರಳು ಎತ್ತಿ ತೋರಿಸಿದ. ರೆಪ್ಪೆಯಿಂದ ಕೆಸರು ನೀರು ಇಳಿಯುತ್ತಿದ್ದ ಅಜ್ಜ "ಮೂರು" ಅಂದ. ಜನ ಹೋ ಎಂದರು.

ಮರುದಿನ ಅಜ್ಜನನ್ನು ಸೊಸೆ ಅಂಗಡಿಗೆ ಕರೆತಂದಿದ್ದಳು. ಅಜ್ಜನ ಹೆಸರು ಗಿಡ್ಡಪ್ಪ, ಆಳು ಆರಡಿ. ಓದು ಬಾರದವರಿಗೆಂದೇ ಇರುವ, ಮೂರು ಹಲ್ಲಿನ ಬಾಚಣಿಗೆಯಂಥ ಚಿತ್ರಗಳ ಪಟದ ಎದುರು ಕೂರಿಸಿ, ಹಲ್ಲು ಯಾವ ಕಡೆ ಇದೆ ಕೈಯಲ್ಲಿ ತೋರಿಸಜ್ಜ ಎಂದಾಗ, ಅಜ್ಜ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಂದು ಕೈ ತಿರುಗಿಸುತ್ತ ಸಾಲು ಸಾಲಾಗಿ ಇಳಿಯತೊಡಗಿದ. ನಲವತ್ತರ ಹರೆಯದವರೂ ತಡವರಿಸುವ ಸಾಲುಗಳನ್ನು ದಾಟಿದ. ಒಂದು ತಪ್ಪು, ಒಂದೇ ಒಂದು ತಪ್ಪಿಗಾಗಿ ಪಂಚಾಕ್ಷರಪ್ಪ ಕಾದು ಕುಳಿತಿದ್ದ. ಕಟ್ಟಕಡೆಯ ಸಾಲಿನ ಕಟ್ಟಕಡೆಯ ಚಿತ್ರಕ್ಕೆ ಅಜ್ಜನ ಕೈ ಮೇಲೆ ಹೋಗುವ ಬದಲು ಕೆಳಗೆ ಹೋಯಿತು. ಅಬ್ಬ ಎನ್ನಿಸಿತು. ಆ ಒಂದು ಚಿತ್ರದ ಆಧಾರದ ಮೇಲೆ ಅವನು ದೂರದ ದೃಷ್ಟಿಗೆಂದು ಮೈನಸ್ ಗಾಜಿನ ಕನ್ನಡಕವನ್ನು ಮಾಡಿಸಿ, ಊರಿಗೇ ಹೋಗಿ, ಉಚಿತವಾಗಿ, ಜನರ ಎದುರಿಗೆ ತೊಡಿಸಿದ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ತನ್ನ ಗಾಡಿಗೆ ಅಡ್ಡ ಬಂದ ಕುರುಡ ಮುದುಕನಿಗೇ ಕಣ್ಣು ಕೊಟ್ಟ ಮಹಾನುಭಾವ ಎಂಬ ಒಕ್ಕಣೆಯೊಂದಿಗೆ ಅದು ಊರೂರು ಸುತ್ತಿ ಜಗಳೂರಿನ ಸೇವಾ ಸಂಘದ ಕಾರ್ಯದರ್ಶಿ ಮುತ್ತುರಾಜನ ಫೋನಿಗೂ ಹೋಗಿತ್ತು.

"ಇದು ಎಷ್ಟು ದಿನದ ಸವೆತ ಇರಬಹುದು?" ಎಂದು ಪಂಚಾಕ್ಷರಪ್ಪ ಕೇಳಿದ.

"ದಿನ ಅಲ್ಲ, ತಿಂಗ್ಳು. ನಾಕೈದು ತಿಂಗ್ಳಾರ ಆಗಿರ್ಬೇಕು."

"ಎರಡು ತಿಂಗಳ ಹಿಂದೆ ಸರಿ ಇದ್ದಿರಬಹುದಲ್ಲ? ಸ್ವಲ್ಪನಾದ್ರೂ?"

ಅವನ ದನಿಯಲ್ಲಿ ಏನಿತ್ತೋ, ಸಂಧ್ಯಾರಾಣಿ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದಳು. "ನನ್ನ ಯಾಕೆ ಕೇಳ್ತೀರಿ ಸಾರ್? ನಾನೇನು ಜಡ್ಜಾ? ಇದ್ದಿರಬೌದು ಅಂದ್ರೆ ನಿಮಗೆ ಸಮಾಧಾನ ಆಗ್ತೈತಾ? ಹಂಗಾದ್ರೆ ಇದ್ದಿರಬೌದು." ಅವಳು ಡಿಕ್ಕಿಯಲ್ಲಿ ಡಬ್ಬಿಗಳ ಕೆಳಗಿದ್ದ ಸ್ಟೆಪ್ನಿ ಎಳೆದು ತೆಗೆದು, ಅದರ ಪಕ್ಕೆಯ ಮೇಲೆ ತಯಾರಾದ ವಾರ, ವರ್ಷ ಹೇಳುವ ನಾಲ್ಕು ಅಂಕಿಗಳನ್ನು ಹೆಬ್ಬೆರಳಿನಿಂದ ಉಜ್ಜಿ ಓದಿ, ಕಾರಿಗೆ ಹಾಕಿ ಬಿಗಿದಳು. "ರೋಡೇ ನೋಡಿಲ್ಲ, ಆದ್ರೂ ಆರು ವರ್ಷದ್ದು. ಗೆರೆ ಐತೆ ಅಂತ ನಂಬ್ಕಂಡು ಜೋರು ಹೋಗಬ್ಯಾಡ್ರಿ. ದಾವಣಗೆರೆನಾಗೆ ಮುಂದಿನ ಎರಡೂ ಹೊಸವು ಹಾಕಿಸ್ರಿ. ಹಳೇದು ಇಲ್ಲೇ ಬಿಡ್ರಿ, ಕೊಯ್ದು ಹಾಕ್ತೀನಿ. ಇಲ್ದಿದ್ರೆ ಯಾರಾರ ಎತ್ಕಂಡು ಹೋಗಿ ಇನ್ನೊಬ್ರ ಗಾಡಿಗೆ ಹಾಕ್ತಾರೆ."

"ಬೇಡ," ಎಂದು ಅವನು ಎರಡೂ ಕೈಯಲ್ಲಿ ಟೈರನ್ನು ಅಪ್ಪಿ ಹಿಡಿದ. ಜುಬ್ಬದ ಎದೆಯ ಮೇಲೆ ಕಪ್ಪು ಅರ್ಧಚಂದ್ರ ಮೂಡಿತು. ಹಿಂದೆ ಜಾಗವಿಲ್ಲದ್ದರಿಂದ ಅದನ್ನು ತನ್ನ ಪಕ್ಕದ ಸೀಟಿನಲ್ಲಿ ಕೂರಿಸಿ ಹೊರಟ. ಕಾರು ಕುಂಯ್ ಕುಂಯ್ ಎಂದು ಅಳತೊಡಗಿತು. ಒಂದು ಫರ್ಲಾಂಗು ಹೋದ ಮೇಲೆ, ಪಕ್ಕದ ಸೀಟಿನಲ್ಲಿ ಯಾರೋ ಬೆಲ್ಟ್ ಹಾಕದೆ ಕುಳಿತಿದ್ದಾರೆಂದು ಅದು ದೂರುತ್ತಿದೆ ಎಂದು ಹೊಳೆಯಿತು. ಗಾಡಿ ನಿಲ್ಲಿಸಿ, ಟೈರಿಗೆ ಬೆಲ್ಟ್ ಕಟ್ಟಿದ. ಕಾರು ಸುಮ್ಮನಾಯಿತು. ಹಾಗೆ ನಿಂತದ್ದು ದಾವಣಗೆರೆಯ ಕಡೆಗೆ ಮುಖ ಮಾಡಿ. ಈಗ ಹೊರಟರೆ ಹನ್ನೆರಡಕ್ಕೆ ಜಗಳೂರು. ಶಾಲು ಹೊದಿಸಿಕೊಂಡು, ನಾಲ್ಕು ಮಾತಾಡಿ, ಸಂಜೆ ವಾಪಸು ಬರುವಾಗ ಅಜ್ಜನನ್ನು ನೋಡಿದರಾಯಿತು, ಅಥವಾ ನಾಳೆ, ಅಥವಾ ದೀಪಾವಳಿಗೆ ಒಂದು ಪಂಚೆ ತೆಗೆದುಕೊಂಡು ಹೋಗಿ. ಕಾರಣಗಳು ಒಂದಾದ ಮೇಲೊಂದು ಬರುತ್ತಲೇ ಇದ್ದವು, ಎಲ್ಲವೂ ಹೊರಗಿನಿಂದ ನೋಡಲು ಚೆನ್ನಾಗಿಯೇ ಇದ್ದವು. ಪಕ್ಕದಲ್ಲಿ ಬೆಲ್ಟ್ ಕಟ್ಟಿಕೊಂಡು ಗಂಭೀರವಾಗಿ ಕುಳಿತಿದ್ದ ಟೈರನ್ನು ನೋಡಿದ. ಅವನು ಕಾರನ್ನು ಹಿಂದಕ್ಕೆ ತಿರುಗಿಸಿದ.

ಸೂಳೆಕೆರೆಯ ಹಿನ್ನೀರು ಒಳಕ್ಕೆ ಚಾಚಿ ಕಿರಿದಾಗುವ ಕಡೆ ಗಿಡ್ಡಪ್ಪಜ್ಜನ ಮನೆ. ಅಜ್ಜ ಜಗಲಿಯ ಮೇಲೆ ಕನ್ನಡಕ ತೊಟ್ಟು, ಫೋಟೋಕ್ಕೆ ಕುಳಿತವನಂತೆ ಅಲುಗಾಡದೆ ಕುಳಿತಿದ್ದ. ಸೊಸೆ ಬೊಮ್ಮಕ್ಕ ಮೊರದಲ್ಲಿ ಹೆಸರುಕಾಳು ಕೇರುತ್ತಿದ್ದಳು. ಕಾರು ಕಂಡದ್ದೇ ಮೊರ ಬಿಟ್ಟು ಎದ್ದು, "ಬರ್ರಿ ಸಾಹೇಬ್ರೆ, ಮಾವಾರೇ, ಕಣ್ಣು ಕೊಟ್ಟ ಸಾಹೇಬ್ರು ಬಂದಾರೆ" ಎಂದಳು. ಅಜ್ಜ ಇಳಿದು ಬರಲು ಕಾಲು ಚಾಚಿದ. ಮೆಟ್ಟಿಲು ಎಲ್ಲಿದೆಯೆಂದು ತಿಳಿಯದೆ ಕಾಲು ಗಾಳಿಯಲ್ಲೇ ಎರಡು ಸಲ ತಡಕಾಡಿತು.

"ಕನ್ನಡಕ ಹೆಂಗೈತೆ ಅಜ್ಜ?" ಎಂದು ಪಂಚಾಕ್ಷರಪ್ಪ ಕೇಳಿದ, ಅದನ್ನೇ ಕೇಳಬಾರದಿತ್ತು ಎಂದುಕೊಳ್ಳುತ್ತ.

"ಚಲೋ ಐತ್ರೀ. ನೆಲ ಒಂದೀಟು ದೂರ ಹೋಗೈತೆ, ಅಷ್ಟೇ. ಎಲ್ಲಾ ಸಣ್ಣ ಸಣ್ಣವಾಗಿ ಕಾಣ್ತಾವೆ. ಅಭ್ಯಾಸ ಆಗ್ತೈತೆ ಅಂತ ನೀವು ಅಂದಿದ್ರಲ್ಲ."

ಪಂಚಾಕ್ಷರಪ್ಪ ಬೆಲ್ಟ್ ಬಿಚ್ಚಿ ಟೈರನ್ನು ಹೊತ್ತು ತಂದು ಜಗಲಿಯ ಮೇಲಿಟ್ಟ. ಅಷ್ಟು ಹೊತ್ತಿಗೆ ನೆರೆಮನೆಯವರು ಐದಾರು ಜನ ಸೇರಿದ್ದರು. ಜುಬ್ಬದ ಮೇಲಿನ ಕಪ್ಪು ಕಲೆ ಮುಚ್ಚಿಕೊಳ್ಳಲು ಕೈ ಕಟ್ಟಿ, ವೇದಿಕೆಯ ಮೇಲೆ ಆಡಬೇಕಿದ್ದ ದನಿಯಲ್ಲೇ, "ಅವತ್ತು ತಪ್ಪು ನನ್ನದು" ಎಂದ. "ಅಜ್ಜ ರಸ್ತೆ ಅಂಚಿನಲ್ಲೇ ಇದ್ದರು. ನನ್ನ ಟೈರು ಸವೆದಿತ್ತು. ಬ್ರೇಕ್ ಹಿಡಿದರೆ ಜಾರಿತು. ಅಜ್ಜನ ಕಣ್ಣಿಗೆ ಏನೂ ಆಗಿರಲಿಲ್ಲ. ಈ ಕನ್ನಡಕ ಸುಳ್ಳು."

ಹಿಂದೆ ನಿಂತ ಒಬ್ಬ, "ಎಂಥಾ ದೊಡ್ಡ ಮನ್ಸ ನೋಡ್ರಿ. ಅಜ್ಜಗೆ ಬೇಜಾರಾಗ್ಬಾರ್ದು ಅಂತ ತಪ್ಪು ತಮ್ಮ ಮ್ಯಾಲೆ ಹಾಕ್ಕಂತಾರೆ" ಎಂದ. ಎಲ್ಲರೂ ಹೌದೌದು ಎಂದು ತಲೆದೂಗಿದರು. ಪಂಚಾಕ್ಷರಪ್ಪ ಗಾಬರಿಯಾಗಿ ಟೈರಿನ ಒಳಗಿನ ಅಂಚನ್ನು ಬೆಳಕಿಗೆ ತಿರುಗಿಸಿ, ತಂತಿ ತೋರಿಸಿ, ಕಡ್ಡಿ ಕೇಳಿ ತೆಗೆದುಕೊಂಡು ಸಂಧ್ಯಾರಾಣಿ ಹೇಳಿದ್ದನ್ನೆಲ್ಲ ಹೇಳಿದ. ಅವರು ಶ್ರದ್ಧೆಯಿಂದ ಕೇಳಿದರು. ಇಬ್ಬರು ತಮ್ಮ ಬೈಕಿನ ಟೈರಿಗೆ ಕಡ್ಡಿ ಇಟ್ಟು ನೋಡಲು ಹೋದರು. ಆದರೆ ಅಜ್ಜನ ಕಣ್ಣು ಕಾಣುವುದಿಲ್ಲವೆಂಬುದರಲ್ಲಿ ಯಾರಿಗೂ ಅನುಮಾನ ಹುಟ್ಟಲಿಲ್ಲ. "ಕಾಣಲ್ಲ ಸಾಹೇಬ್ರೆ," ಎಂದಳು ಬೊಮ್ಮಕ್ಕ. "ಕನ್ನಡಕ ಹಾಕ್ಕಂಡೇ ಹೊಸಲು ಎಡವ್ತಾರೆ. ಇನ್ನು ತೆಗೆದ್ರೆ ಹೆಂಗೆ? ಸೈಕಲ್ಲು ಬಚ್ಚಿಟ್ಟೀನಿ. ದಿನಾ ಬೆಳಗ್ಗೆ ಕೆರೆ ಸುತ್ತಾಕಂಡು ಅವ್ರ ಅಕ್ಕನ ಮನಿಗೆ ಹೋಗಿ ಬರೋರು. ಈಗ ಅದೂ ನಿಲ್ಸೀನಿ."

ಅಜ್ಜ ಈ ಮಾತುಗಳಾಗುತ್ತಿದ್ದಾಗ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದ. ಟೈರನ್ನು ಹತ್ತಿರ ಎಳೆದುಕೊಂಡು ಒಳಗಿನ ಅಂಚಿನ ಉದ್ದಕ್ಕೂ ಅಂಗೈ ಆಡಿಸಿದ. "ನನಗೆ ಅವತ್ತೇ ಗೊತ್ತಿತ್ತು. ಗಾಡಿ ಜಾರ್ಕಂಡೇ ಬಂತು. ನಾನು ನೋಡ್ದೆ," ಎಂದ.

"ಮತ್ತೆ ಯಾಕಜ್ಜ ಹೇಳಲಿಲ್ಲ?"

"ಹೆಂಗೆ ಹೇಳ್ಲಿ? ನೀವು ಕಣ್ಣಿನ ಡಾಕ್ಟ್ರು. ನನಗೆ ಕಾಣಲ್ಲ ಅಂದ್ರಿ. ಕಾಣ್ದೋನು ನಾನು ನೋಡ್ದೆ ಅಂದ್ರೆ ಯಾರು ನಂಬ್ತಾರೆ?"

"ನಾನು ಡಾಕ್ಟ್ರಲ್ಲ. ಅಂಗಡಿಯವನು," ಎಂದ ಪಂಚಾಕ್ಷರಪ್ಪ. ಹೇಳಿದ ಮೇಲೆ ಈ ಮಾತನ್ನು ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ ಎಂದು ನೆನಪಾಯಿತು. ಅವನು ನೀರಿನ ಆಚೆ ದಡದ ಕಡೆ ಕೈ ತೋರಿಸಿದ. ಅಲ್ಲಿ ಹಸಿರಿನ ಮೇಲೆ ಕಪ್ಪಗೆ ಏನೋ ಚುಕ್ಕಿಗಳಿದ್ದವು. ತನ್ನ ಕನ್ನಡಕದೊಳಗಿಂದ ಅವನಿಗೆ ಅಷ್ಟೇ ಕಂಡಿತು. "ಅಜ್ಜ, ಅಲ್ಲಿ ಏನು ಕಾಣ್ತೈತೆ ಹೇಳಿ."

"ಎಮ್ಮೆ," ಎಂದ ಅಜ್ಜ. ಕಣ್ಣು ಕಿರಿದು ಮಾಡಲೂ ಇಲ್ಲ. "ಹನ್ನೊಂದು. ಒಂದು ಕರು. ಕರು ಕುಂಟ್ತೈತೆ, ಹಿಂದಿನ ಎಡಗಾಲು. ದಡದ ಮ್ಯಾಲೆ ಒಬ್ಬ ಹೆಣ್ಮಗಳು ಕೊಡೆ ಹಿಡ್ಕಂಡು ಕುಂತಾಳೆ. ಕೊಡೆ ಹರಿದೈತೆ."

ಜನ ಕೈ ಅಡ್ಡ ಹಿಡಿದು ನೋಡಿದರು. ಯಾರಿಗೂ ಕೊಡೆ ಕಾಣಲಿಲ್ಲ. ಬೊಮ್ಮಕ್ಕನ ತಂಗಿಯನ್ನು ಆಚೆ ದಡದ ಊರಿಗೇ ಕೊಟ್ಟಿತ್ತು. ಬೊಮ್ಮಕ್ಕ ಅವಳಿಗೆ ಫೋನು ಮಾಡಿ, ಸ್ಪೀಕರ್ ಹಾಕಿ, ಹಿತ್ತಲಿಗೆ ಹೋಗಿ ಎಮ್ಮೆ ಎಣಿಸು ಎಂದಳು. ತಂಗಿ ಯಾಕೆ ಎಂದಳು. ಮೊದಲು ಎಣಿಸೇ ಎಂದಳು ಬೊಮ್ಮಕ್ಕ. ಫೋನಿನಲ್ಲಿ ಚಪ್ಪಲಿಯ ಸದ್ದು, ಕೋಳಿಯ ಸದ್ದು, ಉಸಿರಿನ ಸದ್ದು ಬಂತು. ಪಂಚಾಕ್ಷರಪ್ಪ ಅಂಗಡಿಯಲ್ಲಿ ಕೊನೆಯ ಸಾಲಿಗಾಗಿ ಕಾದಂತೆಯೇ ಕಾಯುತ್ತಿದ್ದ, ಆದರೆ ಈ ಸಲ ಅಜ್ಜ ತಪ್ಪಬಾರದೆಂದು. "ಹನ್ನೊಂದು ಅದಾವಕ್ಕ. ಕರುಗೆ ಕಾಲು ನೋವು, ಪಾಪ. ಅತ್ತೆ ಮೇಯಿಸ್ತಾ ಅದಾರೆ." "ಕೊಡೆ?" "ಅಯ್ಯೋ, ಆ ಹರಕ್ ಕೊಡೆ ಬಿಡು ಅಂದ್ರೆ ಕೇಳಲ್ಲ."

ಬೊಮ್ಮಕ್ಕ ಫೋನು ಇಟ್ಟಳು. ಅವಳ ಮುಖದಲ್ಲಿ ಮೊದಲು ನಗು ಬಂತು, ಆಮೇಲೆ ಅದು ಹೋಯಿತು. "ಎರಡು ತಿಂಗ್ಳು," ಎಂದಳು. "ಎರಡು ತಿಂಗ್ಳು ನಮ್ಮ ಮಾವಾರನ್ನ ಕುಂತಲ್ಲೇ ಕೂರ್ಸಿದ್ರಲ್ರೀ. ಎಡವಿ ಬಿದ್ದಾಗೆಲ್ಲ ನಾನೇ ಬೈತಿದ್ದೆ, ನೆಟ್ಟಗೆ ನೋಡ್ಕಂಡು ನಡೀಬಾರ್ದಾ ಅಂತ. ನನ್ನ ಬಾಯಲ್ಲಿ ಬೈಸಿದ್ರಲ್ರೀ." ಸಾಹೇಬರು ಎಂಬ ಮಾತು ಅವಳ ಬಾಯಿಂದ ಬಿದ್ದುಹೋಗಿತ್ತು. ಪಂಚಾಕ್ಷರಪ್ಪನಿಗೆ ಕಪಾಳಕ್ಕೆ ಬಿದ್ದಂತಾಯಿತು. ಅದರ ಜೊತೆಗೇ, ನಾಚಿಕೆಗೇಡಿನ ಒಂದು ನಿರಾಳ. ಕಡೆಗೂ ಒಬ್ಬರು ನಂಬಿದ್ದರು.

ಅವಳು ಹಿತ್ತಲಿಗೆ ಹೋಗಿ ಹುಲ್ಲಿನ ಬಣವೆಯ ಹಿಂದಿನಿಂದ ಸೈಕಲ್ಲು ಎಳೆದು ತಂದಳು. ಅಜ್ಜ ಟೈರುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಪಂಪ್ ತರಿಸಿ, ಯಾರನ್ನೂ ಮುಟ್ಟಗೊಡದೆ ತಾನೇ ಗಾಳಿ ಹೊಡೆದ. ಕನ್ನಡಕವನ್ನು ಜಗಲಿಯ ಮೇಲಿಟ್ಟು, ಪಂಚೆ ಎತ್ತಿ ಕಟ್ಟಿ, ಸೀಟಿನ ಧೂಳು ಒರೆಸಿ, ಹತ್ತಿದ. ಪಂಚಾಕ್ಷರಪ್ಪ ಕ್ಷಮಿಸಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಸೈಕಲ್ಲು ದಂಡೆಯ ದಾರಿ ಹಿಡಿದಿತ್ತು.

ಅವನು ಕಾರಿನ ಕಡೆ ಹೆಜ್ಜೆ ಹಾಕಿದಾಗ ಬೊಮ್ಮಕ್ಕ ಅಡ್ಡ ನಿಂತಳು. "ಅವ್ರು ತಿರುಗಿ ಬರೋವರ್ಗೂ ನೀವು ಹೋಗಂಗಿಲ್ಲ. ಕಣ್ಣು ಕಾಣ್ತಾವೆ ಅಂತ ನೀವೇ ಹೇಳಿ ಕಳ್ಸೀರಿ. ಬಿದ್ದು ಗಿದ್ದು ಮಾಡ್ಕಂಡ್ರೆ ನೀವೇ ಜವಾಬು. ಕುಂದರ್ರಿ ಅಲ್ಲಿ."

ಅಜ್ಜನ ಜಾಗದಲ್ಲಿ ಅವನು ಕುಳಿತ. ಫೋನು ಹೊಡೆದುಕೊಂಡಿತು. ಮುತ್ತುರಾಜ. "ಸಾರ್, ಎಲ್ಲಿದ್ದೀರಿ? ಜನ ಬಂದು ಕುಂತಾರೆ." ಬರಲು ಆಗುವುದಿಲ್ಲವೆಂದೂ, ಅಜ್ಜನಿಗೆ ಗುದ್ದಿದ್ದು ತನ್ನದೇ ತಪ್ಪೆಂದೂ ಪಂಚಾಕ್ಷರಪ್ಪ ಹೇಳಿದ. "ಸಾರ್, ಬ್ಯಾನರ್ ಕಟ್ಟಿಯಾಗೈತೆ. ಅದನ್ನೆಲ್ಲ ಆಮ್ಯಾಲೆ ಹೇಳ್ರಿ." ಬರುವುದಿಲ್ಲ ಎಂದ ಇನ್ನೊಮ್ಮೆ. ಅರ್ಧ ಗಂಟೆಯ ಮೇಲೆ ಒಂದು ಫೋಟೋ ಬಂತು: ವೇದಿಕೆಯ ಮೇಲೆ ಖಾಲಿ ಕುರ್ಚಿ, ಕುರ್ಚಿಗೆ ಶಾಲು, ಹಾರ, ತಲೆ ಇರಬೇಕಾದ ಕಡೆ ಪೇಟ, ಅಕ್ಕಪಕ್ಕ ಕೈಮುಗಿದು ನಗುತ್ತಿರುವ ಗಣ್ಯರು. ಶಾಲು ಮಾವಿನ ಬಣ್ಣದ್ದು. ಕುರ್ಚಿಗೆ ಅದು ಚೆನ್ನಾಗಿಯೇ ಒಪ್ಪಿತ್ತು. ಅವನಿಗೆ ನಗು ಬಂತು. ನಕ್ಕರೆ ಬೊಮ್ಮಕ್ಕ ಏನೆಂದುಕೊಳ್ಳುತ್ತಾಳೋ ಎಂದು ಕೆಮ್ಮಿದ. ಅವಳು ರೊಟ್ಟಿಯ ತಟ್ಟೆಯನ್ನು ಅವನ ಪಕ್ಕ ಟಕ್ ಎಂದು ಇಟ್ಟು ಹೋದಳು. ಸಿಟ್ಟಿನಲ್ಲಿ ಇಟ್ಟ ರೊಟ್ಟಿಯನ್ನು ಪೂರ್ತಿ ತಿನ್ನುವುದೋ, ಅರ್ಧ ಬಿಡುವುದೋ ತಿಳಿಯದೆ ಅವನು ಬಹಳ ಹೊತ್ತು ಅಗಿದ.

ಎರಡು ಗಂಟೆಯಾಯಿತು, ನಾಲ್ಕಾಯಿತು. ದಂಡೆಯ ದಾರಿಯಲ್ಲಿ ಬಂದ ಒಂದೊಂದು ಸೈಕಲ್ಲೂ ಅಜ್ಜನದಲ್ಲದೆ ಹೋಯಿತು. ಒಂದು ಲಾರಿ ಹಾದಾಗ ಅದರ ಚಕ್ರಗಳ ಒಳಗಿನ ಅಂಚು ಕಾಣುತ್ತದೆಯೇ ಎಂದು ಅವನು ಜಗಲಿಯಿಂದ ಇಳಿದು ಬಗ್ಗಿ ನೋಡಿದ. ಎಲ್ಲ ಚಕ್ರಗಳೂ ಓಡುತ್ತಲೇ ಇದ್ದವು, ಯಾರೂ ಬಗ್ಗಿ ನೋಡುತ್ತಿರಲಿಲ್ಲ, ಅಜ್ಜ ಅವುಗಳ ನಡುವೆ ಎಲ್ಲೋ ಇದ್ದ. ಅವನ ಕಣ್ಣು ಸರಿಯಿದ್ದರೆ ಏನಾಯಿತು? ಅವತ್ತೂ ಸರಿಯೇ ಇತ್ತು. ಅವನು ರಸ್ತೆಯ ಅಂಚಿನಲ್ಲೇ ಇದ್ದ. ಆಗಾಗ ಬೊಮ್ಮಕ್ಕ ಬಾಗಿಲಿಗೆ ಬಂದು ದಾರಿ ನೋಡಿ, ಅವನ ಮುಖ ನೋಡಿ, ಒಳಗೆ ಹೋಗುತ್ತಿದ್ದಳು. ಐದೂವರೆಯ ಹೊತ್ತಿಗೆ ಅವಳು ಒಳಗೆ ಹೋಗುವುದನ್ನು ಬಿಟ್ಟು ಜಗಲಿಯ ಇನ್ನೊಂದು ತುದಿಯಲ್ಲಿ ಕುಳಿತಳು. ತನ್ನ ತಂದೆಗಾಗಿಯೂ ತಾನು ಹೀಗೆ ಕಾದಿರಲಿಲ್ಲ ಎಂದು ಪಂಚಾಕ್ಷರಪ್ಪನಿಗೆ ಅನ್ನಿಸಿತು.

ಹೊತ್ತು ಮುಳುಗುವ ಮುಂಚೆ, ನೀರು ಕೆಂಪಾಗಿದ್ದಾಗ, ಅಜ್ಜ ಬಂದ. ಹ್ಯಾಂಡಲ್ಲಿಗೆ ಅಕ್ಕ ಕೊಟ್ಟ ಅವರೆಕಾಯಿಯ ಚೀಲ ನೇತಾಡುತ್ತಿತ್ತು. ಊಟ ಮಾಡಿ, ಮಲಗಿ ಎದ್ದು ಬಂದವನ ಮುಖ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಚೀಲವನ್ನು ಬೊಮ್ಮಕ್ಕನ ಕೈಗೆ ಕೊಟ್ಟು, ಜಗಲಿ ಹತ್ತಿ, ಪಂಚಾಕ್ಷರಪ್ಪನ ಎದುರಿಗೆ, ಒಂದು ಮೊಳ ದೂರದಲ್ಲಿ ನಿಂತು ಅವನ ಮುಖವನ್ನೇ ನೋಡಿದ. ತಲೆಯನ್ನು ಸ್ವಲ್ಪ ಹಿಂದಕ್ಕೆ ತೆಗೆದ. ಇನ್ನೂ ಸ್ವಲ್ಪ ಹಿಂದಕ್ಕೆ ತೆಗೆದ.

"ಯಾರ್ರೀ ಇದು? ಗೊತ್ತಾಗ್ಲಿಲ್ಲ," ಎಂದ ಅಜ್ಜ.

ವಯಸ್ಸಾದವರಿಗೆ ದೂರದ್ದು ಕಾಣುತ್ತದೆ, ಹತ್ತಿರದ್ದು ಕಾಣುವುದಿಲ್ಲ. ಅದಕ್ಕೆ ಬೇರೆ ಗಾಜು ಬೇಕು. ಕಾರಿನ ಹಿಂದಿನ ಸೀಟಿನಲ್ಲಿ ಡಬ್ಬಿ ಡಬ್ಬಿ ಇವೆ. ಇಷ್ಟೂ ಪಂಚಾಕ್ಷರಪ್ಪನ ನಾಲಿಗೆಯ ತುದಿಗೆ ಬಂತು. ಅವನು ಅದನ್ನು ನುಂಗಿದ. ಕತ್ತಲಾಗುತ್ತಿದೆ, ಅದಕ್ಕೇ ಇರಬೇಕು ಎಂದುಕೊಂಡ. ಎದ್ದು ನಿಂತು, ಕೈ ಮುಗಿದ.

"ನಾನಜ್ಜ, ಪಂಚಾಕ್ಷರಪ್ಪ," ಎಂದ. "ನಿಮಗೆ ಗುದ್ದಿದೋನು."